ಮಹಾದಾಯಿಯ ನೀರು ಯಾರ ಕೊಡಕ್ಕೆ?

(ಉಣಕಲ್ಲಿನಲ್ಲಿ ಸೇರಿದ್ದ ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ನಮ್ಮ ಕಾರ್ಯಕರ್ತರು ಮಾಡಿದ ಭಾಷಣ)



ಪಾಳಿ ಮುಗಿಸಿ ಮನೆಗೂ ಹೋಗದೆ ಇಲ್ಲಿಗೆ ಬಂದವರಿದ್ದೀರಿ. ಅಂಗಡಿಯನ್ನು ದಿನಕ್ಕಿಂತ ಒಂದು ತಾಸು ಮೊದಲೇ ಮುಚ್ಚಿ ಬಂದವರಿದ್ದೀರಿ. ನಿಮ್ಮ ಹೊತ್ತಿನ ಬೆಲೆ ನನಗೆ ಗೊತ್ತು. ಆದ್ದರಿಂದ ಸುತ್ತು ಬಳಸದೆ ವಿಷಯಕ್ಕೆ ಬರುತ್ತೇನೆ.

ಕಳೆದ ಕೆಲವು ದಿನಗಳಿಂದ ನಮ್ಮ ಗೆಳೆಯರು ಒಂದು ಪ್ರಶ್ನೆ ಕೇಳುತ್ತಿದ್ದಾರೆ. "ಮಹಾದಾಯಿಗಾಗಿ ಬಂದ್ ಮಾಡೋಣ, ಗೋವೆಯ ಗಾಡಿಗಳನ್ನು ತಡೆಯೋಣ, ನಮ್ಮ ಪಕ್ಷವೂ ಮುಂದೆ ನಿಲ್ಲಲಿ" ಎಂಬುದು ಅವರ ಒತ್ತಾಯ. ಅವರ ಸಿಟ್ಟು ಸುಳ್ಳಲ್ಲ. ನಳಕ್ಕೆ ನೀರು ಬಾರದ ಮನೆಯಲ್ಲಿ ಸಿಟ್ಟು ಬಾರದೆ ಇನ್ನೇನು ಬಂದೀತು? ಆದರೂ ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮಹಾದಾಯಿಯಲ್ಲಿ ನಮ್ಮ ಪಾಲಿನ ನೀರು ನಮಗೆ ಬರಲೇಬೇಕು. ಆದರೆ ಗೋವೆಯ ಗಾಡಿ ತಡೆಯುವ ಬಂದ್ ಬೇಡ. ಈ ಎರಡು ಮಾತು ಒಂದಕ್ಕೊಂದು ವಿರುದ್ಧವಲ್ಲ. ಹೇಗೆಂಬುದನ್ನು ವಿವರಿಸಲಿಕ್ಕೇ ಬಂದಿದ್ದೇನೆ. ಕೇಳಿದ ಮೇಲೆ ತೀರ್ಮಾನ ನಿಮ್ಮದು.

ಮೊದಲು ನಮ್ಮ ಊರಿನಿಂದಲೇ ಆರಂಭಿಸೋಣ. ಈ ಉಣಕಲ್ಲ ಕೆರೆ ಒಂದು ಕಾಲಕ್ಕೆ ಹುಬ್ಬಳ್ಳಿಗೆ ಕುಡಿಯುವ ನೀರು ಕೊಟ್ಟ ಕೆರೆ. ಅತ್ತ ಧಾರವಾಡಕ್ಕೆ ಕೆಲಗೇರಿಯ ಕೆರೆ ಇತ್ತು. ಊರು ಬೆಳೆಯಿತು, ಕೆರೆ ಸಾಲದಾಯಿತು. ಆಗ ಬೇಡ್ತಿ ಹಳ್ಳಕ್ಕೆ ಅಡ್ಡಗಟ್ಟಿ ನೀರಸಾಗರ ಮಾಡಿದರು. ಅದೂ ಸಾಲದೆ ಸವದತ್ತಿಯ ಕಡೆಯಿಂದ ಮಲಪ್ರಭೆಯ ನೀರನ್ನು ಕೊಳವೆಯಲ್ಲಿ ತಂದರು. 2016–17ರ ಬರದಲ್ಲಿ ನೀರಸಾಗರ ಬತ್ತಿದಾಗ ಮಲಪ್ರಭೆಯೊಂದೇ ಗತಿಯಾಯಿತು. ಆ ಮಲಪ್ರಭೆಗೇ ನೀರು ಸಾಲದೆಂದು ಈಗ ಮಹಾದಾಯಿಯ ಕಡೆಗೆ ನೋಡುತ್ತಿದ್ದೇವೆ.

ಇದರಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಪ್ರತಿ ಸಲವೂ ಹತ್ತಿರದ ನೀರನ್ನು ಕೈಬಿಟ್ಟು ದೂರದ ನೀರಿಗೆ ಕೈ ಚಾಚಿದ್ದೇವೆ. ಕೈಬಿಟ್ಟ ಉಣಕಲ್ಲ ಕೆರೆಗೆ ಗಟಾರದ ನೀರು ಸೇರಿತು, ಅಂತರಗಂಗೆ ಹಬ್ಬಿತು. ಇಂದು ಆ ನೀರನ್ನು ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿಕೊಳ್ಳುವ ಧೈರ್ಯ ಯಾರಿಗಿದೆ? ದೂರ ಹೋದಷ್ಟೂ ಆ ನೀರು ಇನ್ನೊಬ್ಬರ ಅಂಗಳದ್ದಾಗುತ್ತದೆ. ಅಂಗಳ ಇನ್ನೊಬ್ಬರದಾದಾಗ ಪಾಲಿನ ಪ್ರಶ್ನೆ ಏಳುತ್ತದೆ.

ಈಗ ಖಾನಾಪುರ ತಾಲೂಕಿನ ಕಣಕುಂಬಿಗೆ ಹೋಗೋಣ. ಮಲಪ್ರಭೆ ಹುಟ್ಟುವುದು ಅಲ್ಲಿ. ಮಹಾದಾಯಿ ಹುಟ್ಟುವುದೂ ಅದೇ ತಾಲೂಕಿನ ಕಾಡಿನಲ್ಲಿ. ಇಬ್ಬರೂ ಒಂದೇ ತವರಿನ ಹೆಣ್ಣುಮಕ್ಕಳು. ಒಬ್ಬಳು ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಇನ್ನೊಬ್ಬಳು ಪಶ್ಚಿಮಕ್ಕಿಳಿದು ಗೋವೆಯಲ್ಲಿ ಮಾಂಡೋವಿ ಎನ್ನಿಸಿಕೊಂಡು ಪಣಜಿಯ ಹತ್ತಿರ ಸಮುದ್ರಕ್ಕೆ ಹೋಗುತ್ತಾಳೆ. ಪೂರ್ವದ ಮಗಳಿಗೆ ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿದರು. ಅದು ಹಿಡಿಯುವ ನೀರು 37.73 ಟಿಎಂಸಿ. ಅದು ತುಂಬಿದ ವರ್ಷಗಳಿಗಿಂತ ತುಂಬದ ವರ್ಷಗಳೇ ಹೆಚ್ಚು. ಮಹಾದಾಯಿಗೆ ಸೇರುವ ಕಳಸಾ ಮತ್ತು ಬಂಡೂರಿ ಎಂಬ ಎರಡು ಹಳ್ಳಗಳ ನೀರನ್ನು ಕಾಲುವೆಯ ಮೂಲಕ ಮಲಪ್ರಭೆಗೆ ತಿರುಗಿಸಬೇಕೆಂಬುದು ಯೋಜನೆ. ಇಷ್ಟೇ ಮೂಲ ವಿಷಯ.

ಇದರ ಇತಿಹಾಸ ಉದ್ದವಾಗಿದೆ. ಮುಖ್ಯವಾದುದನ್ನಷ್ಟೇ ಹೇಳುತ್ತೇನೆ. ಕರ್ನಾಟಕ ಈ ಎರಡು ಹಳ್ಳಗಳಿಂದ ಕೇಳಿದ್ದು 7.56 ಟಿಎಂಸಿ. 2002ರ ಏಪ್ರಿಲಿನಲ್ಲಿ ಕೇಂದ್ರ ಸರಕಾರ ಇದಕ್ಕೆ ತಾತ್ವಿಕ ಒಪ್ಪಿಗೆ ಕೊಟ್ಟಿತು. ಗೋವೆ ಆಕ್ಷೇಪಿಸಿದ ಮೇಲೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆ ಒಪ್ಪಿಗೆಯನ್ನು ತಡೆಹಿಡಿಯಿತು. 2006ರಲ್ಲಿ ಕಣಕುಂಬಿಯಲ್ಲಿ ಕಾಲುವೆಯ ಕೆಲಸಕ್ಕೆ ಶಂಕುಸ್ಥಾಪನೆಯಾಯಿತು. 2010ರ ನವೆಂಬರಿನಲ್ಲಿ ನ್ಯಾಯಮೂರ್ತಿ ಜೆ. ಎಂ. ಪಾಂಚಾಲರ ಅಧ್ಯಕ್ಷತೆಯಲ್ಲಿ ನ್ಯಾಯಾಧಿಕರಣ ನೇಮಕವಾಯಿತು. 2016ರ ಜುಲೈ 27ರಂದು ಅದು ನಮ್ಮ ಮಧ್ಯಂತರ ಬೇಡಿಕೆಯನ್ನು ತಳ್ಳಿಹಾಕಿತು. 2018ರ ಆಗಸ್ಟ್ 14ರಂದು ಕೊನೆಯ ತೀರ್ಪು ಬಂತು. ಅದನ್ನು ರಾಜಪತ್ರದಲ್ಲಿ ಪ್ರಕಟಿಸಲಿಕ್ಕೆ 2020ರ ಫೆಬ್ರವರಿಯವರೆಗೆ ಕಾಯಬೇಕಾಯಿತು. 2022ರ ಡಿಸೆಂಬರಿನಲ್ಲಿ ಕೇಂದ್ರ ಜಲ ಆಯೋಗ ಹೊಸ ಯೋಜನಾ ವರದಿಯನ್ನು ಒಪ್ಪಿತು. ಮೊದಲು ತಾನಾಗಿ ಹರಿದು ಬರಬೇಕಾಗಿದ್ದ ನೀರನ್ನು ಈಗ ಪಂಪು ಹಚ್ಚಿ ಎತ್ತಬೇಕಾಗಿದೆ. 2024ರ ಜನವರಿಯಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ತನ್ನ ತೀರ್ಮಾನವನ್ನು ಮುಂದಕ್ಕೆ ಹಾಕಿತು. ತೀರ್ಪಿನ ಮೇಲೆ ಮೂರೂ ರಾಜ್ಯಗಳು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿವೆ.

ಈ ತೀರ್ಪಿನಲ್ಲಿ ನಮಗೆ ಸಿಕ್ಕಿದ್ದೆಷ್ಟು? ವೇದಿಕೆಯ ಮೇಲೆ ಒಬ್ಬರು 13 ಟಿಎಂಸಿ ಎನ್ನುತ್ತಾರೆ, ಇನ್ನೊಬ್ಬರು ಏನೂ ಸಿಗಲಿಲ್ಲ ಎನ್ನುತ್ತಾರೆ. ನಾನು ಕೆಲವು ಕಾಲ ಮಾಸ್ತರಿಕೆ ಮಾಡಿದವನು. ಲೆಕ್ಕವನ್ನು ಹಲಗೆಯ ಮೇಲೆ ಬಿಡಿಸದೆ ಮುಂದೆ ಹೋಗಲಾರೆ. ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ. ಅದರಲ್ಲಿ 8.02 ವಿದ್ಯುತ್ತಿಗೆ. ಅದು ಯಂತ್ರ ತಿರುಗಿಸಿ ಮತ್ತೆ ಹೊಳೆಗೇ ಸೇರಬೇಕಾದ ನೀರು, ಕೊಡಕ್ಕೆ ಬರುವುದಲ್ಲ. 1.5 ಮಹಾದಾಯಿ ಕಣಿವೆಯಲ್ಲಿಯೇ ಬಳಸಬೇಕಾದದ್ದು. ಉಳಿದದ್ದು 3.9. ಕಳಸಾದಿಂದ 1.72, ಬಂಡೂರಿಯಿಂದ 2.18. ಮಲಪ್ರಭೆಗೆ ಬರಬೇಕಾದ ನೀರು ಇದು. ಅದೂ ಕುಡಿಯುವ ಸಲುವಾಗಿ. ಗೋವೆಗೆ 24, ಮಹಾರಾಷ್ಟ್ರಕ್ಕೆ 1.33.

3.9 ಎಂದರೆ ಕಡಿಮೆಯೇ? ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2,830 ಕೋಟಿ ಲೀಟರು. 3.9 ಟಿಎಂಸಿಯನ್ನು ವರ್ಷದ ದಿನಗಳಿಗೆ ಹಂಚಿದರೆ ದಿನಕ್ಕೆ ಸುಮಾರು 30 ಕೋಟಿ ಲೀಟರು. ನಗರದಲ್ಲಿ ಮನುಷ್ಯನೊಬ್ಬನಿಗೆ ದಿನಕ್ಕೆ 135 ಲೀಟರು ಬೇಕೆಂದು ಸರಕಾರವೇ ಅಳತೆ ಹಾಕಿದೆ. ಆ ಅಳತೆಯಲ್ಲಿ ಇದು 22 ಲಕ್ಷ ಜನರ ನೀರು. ಹುಬ್ಬಳ್ಳಿ–ಧಾರವಾಡದ ಜನಸಂಖ್ಯೆ 2011ರ ಜನಗಣತಿಯಲ್ಲಿ 9 ಲಕ್ಷ 43 ಸಾವಿರ. ದಾರಿಯಲ್ಲಿ ಸೋರುವುದನ್ನು ಬಿಟ್ಟರೂ, ಜನ ಇನ್ನಷ್ಟು ಹೆಚ್ಚಿದ್ದಾರೆಂದರೂ, ನಮ್ಮ ಅವಳಿ ನಗರಕ್ಕೆ ಕುಡಿಸಿ ಸುತ್ತಲಿನ ಊರುಗಳಿಗೂ ಕೊಡಬಹುದಾದ ನೀರು ಇದು. ಇನ್ನೊಂದು ಕಡೆಯಿಂದ ನೋಡಿರಿ. ಮಹಾದಾಯಿಯಲ್ಲಿ ನಂಬಿಕೊಳ್ಳಬಹುದಾದ ನೀರು ವರ್ಷಕ್ಕೆ 188.06 ಟಿಎಂಸಿ ಎಂದು ನ್ಯಾಯಾಧಿಕರಣ ಲೆಕ್ಕ ಹಾಕಿದೆ. ಅದರಲ್ಲಿ 3.9 ಎಂದರೆ ನೂರು ಕೊಡಕ್ಕೆ ಎರಡು ಕೊಡ. ಬಾಯಾರಿದವನಿಗೆ ನೂರರಲ್ಲಿ ಎರಡು ಕೊಡ ಕೊಡುವುದರಿಂದ ಗೋವೆ ಮುಳುಗುವುದಿಲ್ಲ. ಈ ಮಾತನ್ನು ನಾವು ಗಟ್ಟಿಯಾಗಿಯೇ ಹೇಳಬೇಕು.

ನರಗುಂದ–ನವಲಗುಂದದ ರೈತ ಕೇಳುತ್ತಾನೆ, "ಕುಡಿಯುವ ನೀರೆಂದರೆ ನನಗೇನು ಬಂತು?" ಎಂದು. ಅವನಿಗೂ ಉತ್ತರವಿದೆ. ಇಂದು ನಾವು ನಗರದವರು ಕುಡಿಯುವುದು ಅವನ ಹೊಲಕ್ಕೆಂದು ಕಟ್ಟಿದ ಅಣೆಕಟ್ಟಿನ ನೀರನ್ನು. ಮಹಾದಾಯಿಯಿಂದ ಬಂದಷ್ಟು ನೀರು ಅವನ ಪಾಲಿನಿಂದ ತೆಗೆಯುವುದು ತಪ್ಪುತ್ತದೆ. ಆದ್ದರಿಂದ ಈ ಬೇಡಿಕೆ ರೈತನದೂ ಹೌದು, ಕಾರ್ಮಿಕನದೂ ಹೌದು.

ಇನ್ನು ಗೋವೆಯವರ ಮಾತನ್ನೂ ಕೇಳಬೇಕು. ಒಬ್ಬನ ಮಾತು ಕೇಳಿ ನ್ಯಾಯ ಹೇಳುವ ಪಂಚರು ನಾವಲ್ಲ. ಮಾಂಡೋವಿಯ ಹರಿವು ತಗ್ಗಿದರೆ ಸಮುದ್ರದ ಉಪ್ಪುನೀರು ಹೊಳೆಯಲ್ಲಿ ಮೇಲಕ್ಕೇರುತ್ತದೆ, ಮೀನುಗಾರನಿಗೂ ಗದ್ದೆಯವನಿಗೂ ಪೆಟ್ಟು ಎಂದು ಅವರು ಅಂಜುತ್ತಾರೆ. ಕಾಡು ಹಾಳಾಗುತ್ತದೆ ಎನ್ನುತ್ತಾರೆ. ಈ ಅಂಜಿಕೆಯನ್ನು ನಗೆಯಾಡುವುದು ತಪ್ಪು. ಕಣಕುಂಬಿಯ ಕಾಡು ಹೋದರೆ ಮಳೆಯೂ ಹೋಗುತ್ತದೆ. ಆಗ ಮಹಾದಾಯಿಯೂ ಇಲ್ಲ, ಮಲಪ್ರಭೆಯೂ ಇಲ್ಲ. ಇದೆಲ್ಲವನ್ನೂ ತೂಗಿ ನೋಡಿಯೇ ನ್ಯಾಯಾಧಿಕರಣ ಕೇಳಿದ 7.56ನ್ನು ಕೊಡದೆ 3.9 ಕೊಟ್ಟಿತು. ಹೆಚ್ಚಿನದಕ್ಕೆ ಕೋರ್ಟಿನಲ್ಲಿ ವಾದಿಸುವ ಹಕ್ಕು ಸರಕಾರಕ್ಕಿದೆ, ವಾದಿಸಲಿ. ಆದರೆ ಹೆಚ್ಚಿನದನ್ನು ತೋರಿಸುತ್ತ ಕೈಗೆ ಬಂದ ಪಾಲನ್ನು ತಾರದೆ ಕುಳಿತರೆ ಅದು ಜನರಿಗೆ ಮಾಡುವ ಮೋಸ.

ಹಾಗಾದರೆ ತಡೆಯುವವರು ಯಾರು? ಎರಡೂ ಕಡೆಯ ರಾಜಕಾರಣಕ್ಕೆ ಈ ನೀರು ಬರುವುದಕ್ಕಿಂತ ಬಾರದಿರುವುದೇ ಹೆಚ್ಚು ಲಾಭದ್ದು. 2017ರ ಡಿಸೆಂಬರಿನಲ್ಲಿ ನಡೆದದ್ದು ನೆನಪಿದೆಯೇ? ವಿಧಾನಸಭೆಯ ಚುನಾವಣೆ ಹತ್ತಿರವಿತ್ತು. ಗೋವೆಯ ಅಂದಿನ ಮುಖ್ಯಮಂತ್ರಿ ಮನೋಹರ ಪರ್ರೀಕರರು ಕರ್ನಾಟಕದ ತಮ್ಮ ಪಕ್ಷದ ನಾಯಕರಿಗೆ ಪತ್ರ ಬರೆದು, ಕುಡಿಯುವ ನೀರಿಗೆ ತಾತ್ವಿಕವಾಗಿ ವಿರೋಧವಿಲ್ಲ ಎಂದರು. ಆ ಪತ್ರವನ್ನು ನಮ್ಮ ಹುಬ್ಬಳ್ಳಿಯ ಸಭೆಯಲ್ಲಿಯೇ ಓದಿದರು. ಪತ್ರ ಬಂತು, ನೀರು ಬರಲಿಲ್ಲ. ಮುಂದೆ ಬೆಂಗಳೂರು, ಪಣಜಿ, ದಿಲ್ಲಿ ಮೂರರಲ್ಲಿಯೂ ಒಂದೇ ಪಕ್ಷದ ಸರಕಾರವಿದ್ದ ಕಾಲವೂ ಬಂತು. ಆಗಲೂ ನೀರು ಬರಲಿಲ್ಲ. ಅದರ ಹಿಂದೆ ಕಾಂಗ್ರೆಸ್ಸಿನ ಸರಕಾರಗಳಿದ್ದವು, 2023ರಲ್ಲಿ ಕಾಂಗ್ರೆಸ್ಸೇ ಮತ್ತೆ ಬಂತು. ದೂರುವ ಬಾಯಿ ಬದಲಾಯಿತು, ದೂರು ಬದಲಾಗಲಿಲ್ಲ. ಬೆಂಗಳೂರು ಪಣಜಿಯ ಕಡೆಗೆ ಬೊಟ್ಟು ಮಾಡುತ್ತದೆ, ಪಣಜಿ ಬೆಂಗಳೂರಿನ ಕಡೆಗೆ. ದಿಲ್ಲಿ ಎರಡೂ ಕಡೆ ತಲೆಯಾಡಿಸುತ್ತದೆ. ಇಬ್ಬರ ಜಗಳ ಮೂರನೆಯವನಿಗೆ ಲಾಭ ಎಂಬ ಗಾದೆಯನ್ನು ಇಲ್ಲಿ ತುಸು ತಿದ್ದಬೇಕು. ಇಲ್ಲಿ ಜಗಳವಾಡುವ ಮೂವರಿಗೂ ಲಾಭ, ನಷ್ಟ ಮಾತ್ರ ಜನರಿಗೆ.

ಬಂಧುಗಳೆ, ಈ ನೆಲದಲ್ಲಿ ನೀರಿಗಾಗಿ ರಕ್ತ ಹರಿದದ್ದು ಹೊಸದಲ್ಲ. 1980ರ ಜುಲೈ 21ನ್ನು ಮರೆಯಬಾರದು. ಕಾಲುವೆಯ ಕೊನೆಗೆ ನೀರು ಮುಟ್ಟದಿದ್ದರೂ ಅಭಿವೃದ್ಧಿ ಕರ ಕೊಡಿರೆಂದು ಮಲಪ್ರಭೆಯ ರೈತರನ್ನು ಪೀಡಿಸಿದರು. ರೈತರು ಎದ್ದು ನಿಂತರು, ನರಗುಂದ ನವಲಗುಂದಗಳಲ್ಲಿ ಗುಂಡಿಗೆ ಬಲಿಯಾದರು. ಗುಂಡು ಹೊಡೆದವರು ಗೋವೆಯ ಪೊಲೀಸರಾಗಿದ್ದರೇ? 2016ರ ಜುಲೈಯಲ್ಲಿ ಮಧ್ಯಂತರ ಆದೇಶ ಬಂದ ಮೇಲೆ ಗಲಭೆಯಾಯಿತು. ನವಲಗುಂದ ತಾಲೂಕಿನ ಯಮನೂರಿನಲ್ಲಿ ಪೊಲೀಸರು ಮನೆಮನೆ ಹೊಕ್ಕು ಹೆಂಗಸರು ಮುದುಕರೆನ್ನದೆ ಬಡಿದರು. ಆ ಲಾಠಿಗಳೂ ನಮ್ಮ ಸರಕಾರದವೇ. ನೀರು ಕೇಳಿದವನ ಬೆನ್ನ ಮೇಲೆ ಬಾರಿಸುವಾಗ ಸರಕಾರಕ್ಕೆ ಭಾಷೆ, ಗಡಿ ಯಾವುದೂ ನೆನಪಾಗುವುದಿಲ್ಲ.

ರಾಜ್ಯಗಳ ನೀರಿನ ಜಗಳವನ್ನು ದ್ವೇಷಕ್ಕೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಪಂಜಾಬ–ಹರಿಯಾಣಗಳ ಕಡೆ ನೋಡಿರಿ. ಸತಲಜ–ಯಮುನಾ ಕಾಲುವೆ ಎಂದು 214 ಕಿಲೋಮೀಟರಿನ ಕಾಲುವೆ. 1982ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಪಂಜಾಬದಲ್ಲಿ ಗುದ್ದಲಿ ಪೂಜೆ ಮಾಡಿದರು. 1988ರಲ್ಲಿ ಆ ಕಾಲುವೆಯನ್ನು ತೋಡುತ್ತಿದ್ದ ಕೂಲಿಕಾರರನ್ನು ಉಗ್ರರು ಗುಂಡಿಟ್ಟು ಕೊಂದರು. 1990ರಲ್ಲಿ ಮುಖ್ಯ ಎಂಜಿನಿಯರರನ್ನೂ ಕೊಂದರು. ಸುಪ್ರೀಂ ಕೋರ್ಟು ಮೇಲಿಂದ ಮೇಲೆ ಆದೇಶ ಕೊಟ್ಟರೂ ಪಂಜಾಬದ ಭಾಗ ಮುಗಿಯಲಿಲ್ಲ. 2016ರಲ್ಲಿ ಕಾಲುವೆಗೆಂದು ತೆಗೆದುಕೊಂಡ ಹೊಲಗಳನ್ನು ರೈತರಿಗೆ ಮರಳಿಸಲು ಹೊರಟರು, ತೋಡಿದ್ದನ್ನೇ ಜನ ಮುಚ್ಚಿದರು. ಸತ್ತವರು ಯಾರು? ದಿನಗೂಲಿಗೆ ಬಂದ ಪರಸ್ಥಳದ ಬಡವರು. ಅವರಿಗೆ ಪಂಜಾಬದ ನೀರೂ ಬೇಕಾಗಿರಲಿಲ್ಲ, ಹರಿಯಾಣದ ನೀರೂ ಬೇಕಾಗಿರಲಿಲ್ಲ. ಸಂಜೆಯ ಪಗಾರ ಬೇಕಾಗಿತ್ತು. ನಮ್ಮಲ್ಲಿಯೇ 1991ರಲ್ಲಿ ಕಾವೇರಿಯ ಮಧ್ಯಂತರ ಆದೇಶ ಬಂದಾಗ ಬೆಂಗಳೂರಿನಲ್ಲಿ ಪೆಟ್ಟು ಬಿದ್ದದ್ದು ತಮಿಳು ಕೂಲಿಕಾರರ ಗುಡಿಸಲುಗಳ ಮೇಲೆ. ಅದರಿಂದ ಕಾವೇರಿಗೆ ಒಂದು ತಂಬಿಗೆ ನೀರು ಹೆಚ್ಚಾಯಿತೇ?

ಈಗ ನಮ್ಮ ಮುಂದಿರುವ ಬಂದ್ ಮಾತಿಗೆ ಬರೋಣ. ಗೋವೆಯ ಬಸ್ಸು ನಿಂತರೆ ಅದರಲ್ಲಿ ಇರುವವರು ಯಾರು? ಕಟ್ಟಡದ ಕೆಲಸಕ್ಕೆ, ಬಂದರಿನ ಕೆಲಸಕ್ಕೆ, ಮೀನಿನ ದಕ್ಕೆಗೆ ಹೋಗುವ ನಮ್ಮ ಜಿಲ್ಲೆಗಳ ಜನ. ಈ ಸಭೆಯಲ್ಲಿಯೇ ಅಣ್ಣನೋ ತಂಗಿಯೋ ವಾಸ್ಕೋದಲ್ಲಿ ದುಡಿಯುತ್ತಿರುವವರು ಕೈ ಎತ್ತಿದರೆ ಎಷ್ಟು ಕೈಗಳು ಮೇಲೇಳುತ್ತವೆಂಬುದು ನನಗೆ ಗೊತ್ತು. 2004ರಲ್ಲಿ ವಾಸ್ಕೋದ ಬೈನಾ ದಂಡೆಯಲ್ಲಿ ಗುಡಿಸಲುಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಬಹಳ ಜನ ಕನ್ನಡಿಗರು. ಇಲ್ಲಿ ನಾವು ಒಂದು ಕಲ್ಲು ಎಸೆದರೆ ಅಲ್ಲಿ ಅವರ ಮೇಲೆ ಎರಡು ಬೀಳುತ್ತವೆ. ತರಕಾರಿಯ ಲಾರಿ ನಿಂತರೆ ಗೋವೆಯ ಹೋಟೆಲಿನವನಿಗೆ ಒಂದು ದಿನದ ತೊಂದರೆ. ಬೆಳಗಾವಿಯ ಕಡೆಯ ರೈತನಿಗೆ ಇಡೀ ಕೊಯಿಲಿನ ನಷ್ಟ. 2016ರ ಜುಲೈ 30ರಂದು ಬಂದ್ ಆಯಿತು, 2017ರ ಡಿಸೆಂಬರಿನಲ್ಲಿ ಆಯಿತು, 2018ರ ಜನವರಿ 25ರಂದು ಮತ್ತೆ ಆಯಿತು. ಆ ದಿನಗಳಲ್ಲಿ ಹಮಾಲನ ಕೂಲಿ ಹೋಯಿತು, ಚಹದಂಗಡಿಯ ಗಲ್ಲೆ ಬರಿದಾಯಿತು, ಮರುದಿನ ಉದ್ರಿ ಬೆಳೆಯಿತು. ಮಂತ್ರಿಗಳ ಪಗಾರ ಒಂದು ದಿನಕ್ಕಾದರೂ ಕಡಿತವಾಯಿತೇ?

ಇನ್ನೂ ಒಂದು ಕಹಿ ಮಾತು ಹೇಳಬೇಕಾಗಿದೆ. ನಾಳೆ ಬೆಳಗಾಗುವುದರೊಳಗೆ 3.9 ಟಿಎಂಸಿ ಬಂದೇಬಿಟ್ಟಿತೆಂದು ತಿಳಿಯಿರಿ. ಅದು ನಿಮ್ಮ ಓಣಿಗೆ ಬರುತ್ತದೆಯೇ? 2008ರಲ್ಲಿ ವಿಶ್ವಬ್ಯಾಂಕಿನ ಸಾಲದ ಯೋಜನೆಯಲ್ಲಿ ಅವಳಿ ನಗರದ ಆಯ್ದ ಕೆಲವು ವಾರ್ಡುಗಳಿಗೆ ಹಗಲಿರುಳು ನೀರು ಬಂತು. ಉಳಿದ ವಾರ್ಡುಗಳವರು ಅದೇ ಹೊಳೆಯ ನೀರಿಗೆ ನಾಲ್ಕು ದಿನ, ಎಂಟು ದಿನ ಕಾದರು. ಆ ವಾರ್ಡಿಗೂ ಈ ವಾರ್ಡಿಗೂ ನಡುವೆ ಯಾವ ರಾಜ್ಯದ ಗಡಿ ಇತ್ತು? ಯಾವ ನ್ಯಾಯಾಧಿಕರಣ ಆ ಪಾಲು ಮಾಡಿತ್ತು?

ನಾನು ಕಲಿಸುತ್ತಿದ್ದ ಶಾಲೆಯ ಹಾಜರಿ ಪುಸ್ತಕ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಕೆಲವು ದಿನ ಐದಾರು ಹುಡುಗಿಯರ ಹೆಸರಿನ ಮುಂದೆ ಒಟ್ಟಿಗೇ ಗೈರುಹಾಜರಿಯ ಗುರುತು ಬೀಳುತ್ತಿತ್ತು. ಮೊದಲು ಬೈದೆ. ಆಮೇಲೆ ಗೊತ್ತಾಯಿತು, ಅದು ಆ ಓಣಿಗೆ ನೀರು ಬಿಡುವ ದಿನ. ತಾಯಿ ಕೆಲಸಕ್ಕೆ ಹೋಗಬೇಕು, ನೀರು ಎಷ್ಟು ಗಂಟೆಗೆ ಬರುವುದೋ ತಿಳಿಯದು, ಕೊಡ ಕಾಯಲಿಕ್ಕೆ ಮಗಳು. ಗಂಡುಹುಡುಗರ ಹೆಸರಿನ ಮುಂದೆ ಆ ಗುರುತು ಇರುತ್ತಿರಲಿಲ್ಲ. ಆ ಮಕ್ಕಳು ಕಳೆದುಕೊಂಡ ಪಾಠಗಳ ಲೆಕ್ಕವನ್ನು ಯಾವ ಟಿಎಂಸಿಯಲ್ಲಿ ಅಳೆಯುವುದು? ನನಗೆ ಮಾಸ್ತರಿಕೆ ಬಿಟ್ಟು ಪಕ್ಷದ ಕೆಲಸಕ್ಕೆ ಬರಬೇಕೆನ್ನಿಸಿದ್ದರಲ್ಲಿ ಆ ಪುಸ್ತಕದ ಪಾಲೂ ಇದೆ.

ಆದ್ದರಿಂದ ನಾನು ಬಂದಿಗೆ ಬದಲಾಗಿ ನಾಲ್ಕು ಕೆಲಸಗಳನ್ನು ನಿಮ್ಮ ಮುಂದಿಡುತ್ತೇನೆ.

ಒಂದು: ತೀರ್ಪಿನ 3.9 ಟಿಎಂಸಿ ನಮ್ಮ ಹಕ್ಕು. ಅರಣ್ಯದ ಒಪ್ಪಿಗೆ ಯಾವ ಮೇಜಿನ ಮೇಲಿದೆ, ಕೋರ್ಟಿನ ಕೆಲಸ ಎಲ್ಲಿಗೆ ಬಂದಿದೆ ಎಂಬುದನ್ನು ರಾಜ್ಯ ಸರಕಾರ, ಕೇಂದ್ರ ಸರಕಾರ ಎರಡೂ ಜನರಿಗೆ ಬರೆದು ತಿಳಿಸಬೇಕು. ನಮ್ಮ ಧರಣಿ ಗೋವೆಯ ರಸ್ತೆಯಲ್ಲಿ ಅಲ್ಲ, ನಮ್ಮ ಶಾಸಕರ ಮತ್ತು ಸಂಸದರ ಮನೆಯ ಮುಂದೆ.

ಎರಡು: ನೀರು ಬರುವ ಮೊದಲೇ ಅದರ ಹಂಚಿಕೆ ತೀರ್ಮಾನವಾಗಬೇಕು. ಮೊದಲ ನೀರು ಕಾರ್ಮಿಕರ ಓಣಿಗಳಿಗೆ, ಕಾಲುವೆಯ ಕೊನೆಯ ಹಳ್ಳಿಗಳಿಗೆ ಎಂದು ಮಹಾನಗರ ಪಾಲಿಕೆ ಠರಾವು ಮಾಡಬೇಕು. ನೀರು ಬಿಡುವ ದಿನವನ್ನೂ ಹೊತ್ತನ್ನೂ ಪ್ರತಿ ಓಣಿಯಲ್ಲಿ ಬರೆದು ಹಚ್ಚಬೇಕು.

ಮೂರು: ಇದ್ದ ನೀರನ್ನು ಉಳಿಸಿಕೊಳ್ಳದವನಿಗೆ ಇನ್ನೊಬ್ಬರ ನೀರು ಕೇಳುವ ಬಾಯಿ ಇರುವುದಿಲ್ಲ. ಗೋವೆಯವನು ನಾಳೆ "ನಿಮ್ಮ ಉಣಕಲ್ಲ ಕೆರೆಯನ್ನು ಏನು ಮಾಡಿದಿರಿ?" ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿರಬೇಕು. ಕೆರೆಗೆ ಗಟಾರದ ನೀರು ಸೇರುವುದು ನಿಲ್ಲಬೇಕು. ಇದಕ್ಕೆ ದಿಲ್ಲಿಯ ಅಪ್ಪಣೆ ಬೇಕಿಲ್ಲ, ಪಣಜಿಯ ಅಡ್ಡಿಯೂ ಇಲ್ಲ.

ನಾಲ್ಕು: ಗೋವೆಯ ಕಾರ್ಮಿಕರಿಗೆ ನಾವು ಪತ್ರ ಬರೆಯಬೇಕು. ಪಟ್ಟದವರು ಪಟ್ಟದವರಿಗೆ ಬರೆಯುವ ಪತ್ರ ಸಾಕಷ್ಟಾಗಿದೆ. ದುಡಿಯುವವರು ದುಡಿಯುವವರಿಗೆ ಬರೆಯಲಿ. ನಿಮ್ಮ ಹೊಳೆ ಬತ್ತಿಸಲು ನಾವು ಬಯಸುವುದಿಲ್ಲ, ನೂರರಲ್ಲಿ ಎರಡು ಕೊಡ ಕೇಳುತ್ತೇವೆ, ನಿಮ್ಮ ಅಂಜಿಕೆ ಏನೆಂದು ಹೇಳಿರಿ ಎಂದು ಕೇಳೋಣ.

ಇದು ಬರಿಯ ಕನಸೆಂದು ಯಾರಾದರೂ ಅಂದರೆ ಅವರಿಗೆ ಒಂದು ದಿನವನ್ನು ನೆನಪಿಸುತ್ತೇನೆ. 1946ರ ಜೂನ್ 18. ಗೋವೆಯ ಡಾ. ಜೂಲಿಯಾವ್ ಮೆನೆಜಿಸ್ ಅವರ ಮನೆಗೆ ಅತಿಥಿಯಾಗಿ ಬಂದಿದ್ದ ಡಾ. ರಾಮಮನೋಹರ ಲೋಹಿಯಾ ಆ ದಿನ ಮಡಗಾವಿಯಲ್ಲಿ ಪೋರ್ಚುಗೀಸರ ನಿರ್ಬಂಧವನ್ನು ಮುರಿದು ಸಭೆಗೆ ನಿಂತು ಬಂಧಿತರಾದರು. ಗೋವೆ ತನ್ನ ಊರಲ್ಲವೆಂದು ಅವರು ಸುಮ್ಮನಿರಲಿಲ್ಲ. 1955ರ ಆಗಸ್ಟ್ 15ರಂದು ಬರಿಗೈಯಲ್ಲಿ ಗೋವೆಯ ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿತು. ದೇಶದ ಮೂಲೆಮೂಲೆಗಳಿಂದ ಹೋದವರ ಜೊತೆ ಕರ್ನಾಟಕದವರೂ ಇದ್ದರು. 1961ರ ಡಿಸೆಂಬರಿನಲ್ಲಿ ಗೋವೆ ಬಿಡುಗಡೆಯಾಯಿತು. ಆ ಜನರ ಬಿಡುಗಡೆಗೆ ಎದೆಯೊಡ್ಡಿದವರ ಪರಂಪರೆಯ ನಾವು, ಇಂದು ಅವರ ತರಕಾರಿಯ ಲಾರಿ ತಡೆದು ಶೂರರೆನ್ನಿಸಿಕೊಳ್ಳುವುದೇ?

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುತ್ತಾರೆ ನಮ್ಮ ಹಿರಿಯರು. ಚುನಾವಣೆಗೆಂದು ಊರಿಗೆ ಬಂದವರು ಒಂದು ದಿನ ಈ ನೀರಿನ ಮಾತಿಗೂ ಬರಲೇಬೇಕು. ಆ ದಿನ ಕೈಯಲ್ಲಿ ಕಲ್ಲು ಹಿಡಿದು ನಿಲ್ಲುವುದು ಬೇಡ. ಖಾಲಿ ಕೊಡ ಹಿಡಿದು ನಿಲ್ಲೋಣ, ಈ ಲೆಕ್ಕವನ್ನು ಬಾಯಿಪಾಠ ಮಾಡಿಕೊಂಡು ನಿಲ್ಲೋಣ. ಕಲ್ಲು ಹಿಡಿದವನನ್ನು ಲಾಠಿಯಿಂದ ಓಡಿಸಬಹುದು. ಲೆಕ್ಕ ಕೇಳುವವನಿಗೆ ಲೆಕ್ಕವನ್ನೇ ಕೊಡಬೇಕಾಗುತ್ತದೆ.

ನನ್ನ ಮಾತು ಮುಗಿಯಿತು. ಈ ನಾಲ್ಕು ಕೆಲಸಗಳನ್ನು ಠರಾವಿನ ರೂಪದಲ್ಲಿ ಸಭೆಯ ಮುಂದೆ ಇಟ್ಟಿದ್ದೇನೆ. ಒಪ್ಪದವರು ಎದ್ದು ಮಾತನಾಡಬೇಕು. ಒಪ್ಪಿದವರು ನಾಳೆಯಿಂದ ಕೆಲಸಕ್ಕೆ ಬರಬೇಕು.